‘ಸಂಶೋಧನಾ ಸಮ್ಮೇಳನದಲ್ಲಿ ಮಂಡನೆಯಾಗಿದೆ’ ಎಂದರೆ ಸಾಬೀತಾಗಿದೆ ಎಂದರ್ಥವೇ?

ಸಿರವಾರದಿಂದ ನಮಗೊಂದು ಫಾರ್ವರ್ಡ್ ಬಂದಿತ್ತು. ಕಳಿಸಿದವಳು ಬಿಎಸ್ಸಿ ಕೊನೆಯ ವರ್ಷದ ವಿದ್ಯಾರ್ಥಿನಿ. ಸಂದೇಶದ ಸಾರ ಇಷ್ಟು: ಪದವಿ ವಿದ್ಯಾರ್ಥಿಗಳಿಗಾಗಿ ಅಂತಾರಾಷ್ಟ್ರೀಯ ಸಂಶೋಧನಾ ಸಮ್ಮೇಳನ, ವಿಷಯ ಯಾವುದಾದರೂ ಸರಿ, 24 ಗಂಟೆಯೊಳಗೆ ಪ್ರಬಂಧ ಸ್ವೀಕಾರ, ಐಎಸ್‌ಬಿಎನ್ ಇರುವ ಪುಸ್ತಕದಲ್ಲಿ ಪ್ರಕಟಣೆ, ಬರಲು ಆಗದಿದ್ದರೂ ಮೊಬೈಲ್‌ಗೆ ಪ್ರಮಾಣಪತ್ರ. ಶುಲ್ಕ 1,500 ರೂಪಾಯಿ. ಅದರ ಕೆಳಗೆ ಆಕೆಯ ಪ್ರಶ್ನೆ: “ಅಕ್ಕಾರ, ಇದು ಖರೇ ಐತೇನ್ರಿ? ರೊಕ್ಕ ಹಾಕಬೇಕೋ ಬ್ಯಾಡೋ?”

‘ಬ್ಯಾಡ’ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಆಕೆ ಮಂಡಿಸಬೇಕೆಂದಿದ್ದ ಕೆಲಸ ಏನು ಎಂದು ವಿಚಾರಿಸಿದಾಗ ವಿಷಯ ಬೇರೆಯೇ ಆಯಿತು. ಊರಿನ ಸುತ್ತಲಿನ 12 ಕೊಳವೆಬಾವಿಗಳ ನೀರಿಗೆ ಆಕೆ ಟಿಡಿಎಸ್ ಮೀಟರ್ ಅದ್ದಿ, ಬಂದ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದಳು. ಐದು ಬಾವಿಗಳಲ್ಲಿ 500ಕ್ಕಿಂತ ಕಡಿಮೆ. ಕೊನೆಯ ಪುಟದಲ್ಲಿ ತೀರ್ಮಾನ: ‘ಈ ಐದು ಬಾವಿಗಳ ನೀರು ಕುಡಿಯಲು ಸುರಕ್ಷಿತ.’

ಇದೇ ತೀರ್ಮಾನಕ್ಕೆ ಒಂದು ಪ್ರಮಾಣಪತ್ರ ಸಿಕ್ಕರೆ ಮುಂದೆ ಏನಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅಭಿನಂದನೆ ಬರುತ್ತದೆ. ಅದರ ಹಿಂದೆಯೇ ‘ಅಂತಾರಾಷ್ಟ್ರೀಯ ಸಮ್ಮೇಳನದಲ್ಲಿ ಸಾಬೀತು, ನಮ್ಮ ಐದು ಬೋರ್‌ವೆಲ್ ನೀರು ಶುದ್ಧ’ ಎಂಬ ಫಾರ್ವರ್ಡ್ ಹೊರಡುತ್ತದೆ. ಆ ನೀರನ್ನು ಕುಡಿಯುವವರಲ್ಲಿ ಹಲ್ಲು ಈಗಷ್ಟೇ ಹುಟ್ಟುತ್ತಿರುವ ಮಕ್ಕಳೂ ಇರುತ್ತಾರೆ.

ಟಿಡಿಎಸ್ ಮೀಟರ್‌ಗೆ ಕಾಣದ್ದು

ಮೀಟರ್ ವಿಷಯವನ್ನೇ ಮೊದಲು ನೋಡಿಬಿಡೋಣ. ರಾಯಚೂರು ಜಿಲ್ಲೆಯಲ್ಲಿ ಇದು ಬರೀ ಪಠ್ಯಪುಸ್ತಕದ ಮಾತಲ್ಲ.

ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣ. ಪೆನ್ನಿನಂತಿರುವ ಮೀಟರ್ ಈ ಲವಣಗಳನ್ನು ನೇರವಾಗಿ ತೂಗುವುದಿಲ್ಲ. ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ಅಳೆದು, ಅದನ್ನು ಒಂದು ಅಂದಾಜು ಸಂಖ್ಯೆಯಿಂದ ಗುಣಿಸಿ ತೋರಿಸುತ್ತದೆ. ಉಪ್ಪು, ಸುಣ್ಣ, ಮೆಗ್ನೀಸಿಯಂ ಎಲ್ಲ ಸೇರಿ ಒಂದೇ ಅಂಕಿ. ಸಂತೆಗೆ ಬಂದವರ ತಲೆ ಎಣಿಸಿದ ಹಾಗೆ. ಅದರಲ್ಲಿ ಕಳ್ಳ ಯಾರು ಎಂದು ಆ ಎಣಿಕೆ ಹೇಳುವುದಿಲ್ಲ.

ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿನ ಮೂಲ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಈಗ ಮೀಟರ್ 400 ತೋರಿಸುವ ಒಂದು ಬಾವಿ ಇದೆ ಎಂದುಕೊಳ್ಳಿ. ಅದರಲ್ಲಿ ಫ್ಲೋರೈಡ್ ಶೂನ್ಯವಿದ್ದರೂ, ಮಿತಿ ದಾಟಿ 2 ಇದ್ದರೂ, ಮೀಟರ್‌ನ ಅಂಕಿಯಲ್ಲಿ ಆಗುವ ವ್ಯತ್ಯಾಸ ಒಂದೆರಡು ಮಾತ್ರ. ಸಾಮಾನ್ಯ ಪೆನ್ ಮೀಟರ್ ತಪ್ಪಿ ತೋರಿಸುವ ಅಂತರವೇ ಅದಕ್ಕಿಂತ ಹೆಚ್ಚು. ಆರ್ಸೆನಿಕ್‌ನ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಮೀಟರ್ ತೋರಿಸುವ ಅತಿ ಸಣ್ಣ ಹೆಜ್ಜೆ 1. ಅಂದರೆ ಆರ್ಸೆನಿಕ್ ಮಿತಿಯ ನೂರು ಪಟ್ಟು ಇದ್ದರೂ ಆ ಪುಟ್ಟ ಪರದೆಯ ಮೇಲೆ ಒಂದು ಅಂಕಿಯಷ್ಟೂ ಗೊತ್ತಾಗಲಿಕ್ಕಿಲ್ಲ. ರೋಗಾಣುಗಳಂತೂ ಅದರ ಲೆಕ್ಕಕ್ಕೇ ಬರುವುದಿಲ್ಲ.

ಗ್ರಾನೈಟ್ ಬಂಡೆಯ ನೆಲದಲ್ಲಿ ಆಳಕ್ಕೆ ಕೊರೆದ ಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಾಗಿರುವುದು ರಾಯಚೂರಿನ ಹಳೆಯ ತಾಪತ್ರಯ. ಚಿನ್ನದ ಅದಿರಿರುವ ಶಿಲಾಪಟ್ಟಿಗಳ ಆಸುಪಾಸಿನಲ್ಲಿ, ಪಕ್ಕದ ಯಾದಗಿರಿ ಜಿಲ್ಲೆಯ ಮಂಗಳೂರು ಪಟ್ಟಿ ಸೇರಿದಂತೆ (ಕರಾವಳಿಯ ಮಂಗಳೂರಲ್ಲ, ಸುರಪುರದ ಕಡೆಯದ್ದು), ಅಂತರ್ಜಲದಲ್ಲಿ ಆರ್ಸೆನಿಕ್ ಕಂಡುಬಂದಿದ್ದು ಅಂತಾರಾಷ್ಟ್ರೀಯ ಪತ್ರಿಕೆಗಳಲ್ಲಿ ದಾಖಲಾಗಿದೆ. ಇಂಥ ನೆಲದಲ್ಲಿ ಟಿಡಿಎಸ್ ಒಂದನ್ನೇ ನೋಡಿ ‘ಸುರಕ್ಷಿತ’ ಎಂದು ಬರೆಯುವುದು ಅಪಾಯ. ಫ್ಲೋರೈಡ್ ನೀರನ್ನು ಕುದಿಸಿದರೂ ಪ್ರಯೋಜನವಿಲ್ಲ. ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿದು ಇನ್ನಷ್ಟು ಗಟ್ಟಿಯಾಗುತ್ತದೆ.

ತಿರುಗುಮುರುಗಾದ ತಪ್ಪು ತಿಳಿವಳಿಕೆಯೂ ಚಾಲ್ತಿಯಲ್ಲಿದೆ. ಟಿಡಿಎಸ್ 500 ದಾಟಿದ ಕೂಡಲೇ ನೀರು ವಿಷವಾಗುವುದಿಲ್ಲ. ಬೇರೆ ನೀರಿಲ್ಲದ ಕಡೆ 2,000ದವರೆಗೆ ಮಾನದಂಡವೇ ಅವಕಾಶ ಕೊಟ್ಟಿದೆ. ರುಚಿ ಕೆಡುತ್ತದೆ, ಬೇಳೆ ಬೇಗ ಬೇಯುವುದಿಲ್ಲ, ಅದು ಬೇರೆ ಮಾತು.

ಹಾಗಾದರೆ ಸಮ್ಮೇಳನ ಯಾಕೆ ಬೇಕು?

ನಮ್ಮ ವಿದ್ಯಾರ್ಥಿನಿಯ ತಪ್ಪು ನಾಚಿಕೆಪಡುವಂಥದ್ದಲ್ಲ. ಅನುಭವಿ ಸಂಶೋಧಕರೂ ಇಂಥ ತಪ್ಪು ಮಾಡುತ್ತಾರೆ. ಅದನ್ನು ಹಿಡಿಯುವ ಜಾಗಗಳಲ್ಲಿ ಪದವಿ ವಿದ್ಯಾರ್ಥಿಗಳ ಸಂಶೋಧನಾ ಸಮ್ಮೇಳನವೂ ಒಂದು.

ನಿಜವಾದ ಸಮ್ಮೇಳನ ನಡೆಯುವ ಕ್ರಮ ಹೀಗೆ. ತಿಂಗಳುಗಳ ಮೊದಲೇ ಆಹ್ವಾನ ಹೊರಡುತ್ತದೆ. ವಿದ್ಯಾರ್ಥಿ 200–300 ಪದಗಳ ಸಾರಾಂಶ ಕಳಿಸಬೇಕು: ಪ್ರಶ್ನೆ ಏನು, ಹೇಗೆ ಅಳೆದೆ, ಏನು ಸಿಕ್ಕಿತು, ಅದರಿಂದ ಎಷ್ಟು ಹೇಳಬಹುದು. ವಿಷಯ ತಿಳಿದವರು ಓದಿ ತೆಗೆದುಕೊಳ್ಳುತ್ತಾರೆ, ತಿದ್ದಲು ಹೇಳುತ್ತಾರೆ ಅಥವಾ ಬಿಡುತ್ತಾರೆ. ಆಯ್ಕೆಯಾದವರು ಹತ್ತು ನಿಮಿಷ ಮಾತಾಡಬೇಕು, ಇಲ್ಲವೇ ಗೋಡೆಗೆ ಪೋಸ್ಟರ್ ಅಂಟಿಸಿ ಅದರ ಪಕ್ಕ ನಿಲ್ಲಬೇಕು. ಬಂದುಹೋಗುವವರು ನಿಂತು ಕೇಳುತ್ತಾರೆ. ‘ನೀರು ಯಾವ ತಿಂಗಳಲ್ಲಿ ತೆಗೆದದ್ದು?’ ‘ಮೀಟರ್ ಸರಿಯಿದೆ ಅಂತ ಹೇಗೆ ಗೊತ್ತು?’ ‘ಫ್ಲೋರೈಡ್ ನೋಡಿದಿಯೇನಮ್ಮಾ?’

ಈ ಮೂರನೇ ಪ್ರಶ್ನೆಗಾಗಿಯೇ ಬಸ್ ಹತ್ತಿ ರಾಯಚೂರಿಗೋ ಕಲಬುರಗಿಗೋ ಬೆಂಗಳೂರಿಗೋ ಹೋಗುವುದು. ಪ್ರಮಾಣಪತ್ರ ಬರೀ ಹಾಜರಿ ಚೀಟಿ. 24 ಗಂಟೆಯಲ್ಲಿ ಸ್ವೀಕಾರ, ಬರದಿದ್ದರೂ ಪ್ರಮಾಣಪತ್ರ ಎನ್ನುವ ಸಮ್ಮೇಳನದಲ್ಲಿ ಆ ಪ್ರಶ್ನೆ ಕೇಳುವ ಮನುಷ್ಯನೇ ಇರುವುದಿಲ್ಲ. 1,500 ರೂಪಾಯಿ ಹೋದದ್ದಕ್ಕಿಂತ ದೊಡ್ಡ ನಷ್ಟ ಅದೇ ಎನ್ನುವುದು ನಮ್ಮ ಅಭಿಪ್ರಾಯ. ಕೂಲಿಯಿಂದ ನಡೆಯುವ ಮನೆಗೆ 1,500 ಕೂಡ ಸಣ್ಣ ಮೊತ್ತವಲ್ಲ, ಬಿಡಿ.

ಪದವಿ ಹಂತದವರಿಗೆಂದೇ ವೇದಿಕೆ ಕಟ್ಟುವುದು ಬಹಳ ಹಳೆಯ ಪದ್ಧತಿಯೇನಲ್ಲ. ಅಮೆರಿಕದ ರಾಷ್ಟ್ರೀಯ ಪದವಿ ಸಂಶೋಧನಾ ಸಮ್ಮೇಳನ ಶುರುವಾದದ್ದು 1987ರಲ್ಲಿ, ಉತ್ತರ ಕ್ಯಾರೊಲಿನಾದ ಆ್ಯಶ್‌ವಿಲ್‌ನಲ್ಲಿ. ಬ್ರಿಟನ್ನಿನದು 2011ರಲ್ಲಿ. ಕರ್ನಾಟಕ ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದಲೇ ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ಹಣ ಕೊಟ್ಟು, ಆಯ್ದವನ್ನು ವಿಚಾರ ಸಂಕಿರಣ ಮತ್ತು ಪ್ರದರ್ಶನದಲ್ಲಿ ಮಂಡಿಸಲು ಅವಕಾಶ ಮಾಡಿಕೊಡುತ್ತಾ ಬಂದಿದೆ. ಇದು ಮುಖ್ಯವಾಗಿ ಎಂಜಿನಿಯರಿಂಗ್ ಓದುವವರಿಗೆ ಸಿಗುವ ಅವಕಾಶ. ಎಲ್ಲ ವಿಷಯದವರಿಗೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘ ನಡೆಸುವ ‘ಅನ್ವೇಷಣ್’ ಎಂಬ ವಿದ್ಯಾರ್ಥಿ ಸಂಶೋಧನಾ ಸಮಾವೇಶವಿದೆ. ಅದಕ್ಕೆ ವಿಶ್ವವಿದ್ಯಾಲಯದ ಮೂಲಕ ಹೋಗಬೇಕು.

ಸಾಮಾನ್ಯ ಪದವಿ ಕಾಲೇಜುಗಳ ಕಥೆ ಇಷ್ಟು ಸಲೀಸಲ್ಲ. 2021–22ರಲ್ಲಿ ರಾಜ್ಯದಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿ ಬಂದಾಗ ಕೊನೆಯ ವರ್ಷದಲ್ಲಿ ಸಂಶೋಧನೆಗೆ ಜಾಗವಿತ್ತು. 2024–25ರಿಂದ ಮತ್ತೆ ಮೂರು ವರ್ಷದ ಪದವಿ. ಯಾವುದು ಸರಿ ಎಂಬ ವಾದಕ್ಕೆ ನಾವಿಲ್ಲಿ ಇಳಿಯುವುದಿಲ್ಲ. ಆದರೆ ತಾಲ್ಲೂಕು ಕೇಂದ್ರದ ಕಾಲೇಜಿನ ಹುಡುಗಿಗೆ ತನ್ನ ಸ್ವಂತ ಪ್ರಶ್ನೆಯ ಬೆನ್ನು ಹತ್ತುವ ಅವಕಾಶ ಪಠ್ಯಕ್ರಮದಲ್ಲಿ ಕಡಿಮೆಯಾದಷ್ಟೂ ಇಂಥ ಫಾರ್ವರ್ಡ್‌ಗಳ ಆಕರ್ಷಣೆ ಹೆಚ್ಚುತ್ತದೆ. ಕೆಲಸಕ್ಕೋ ಮುಂದಿನ ಓದಿಗೋ ಅರ್ಜಿ ಹಾಕುವಾಗ ತೋರಿಸಲು ಏನಾದರೂ ಬೇಕಲ್ಲ.

‘ಸ್ವಂತ ಸಂಶೋಧನೆ’ ಎಂದರೆ ಏನು?

‘ನಮ್ಮಂಥೋರು ಹೊಸಾದು ಏನ್ ಕಂಡುಹಿಡೀತೀವ್ರಿ’ ಎಂಬ ಮಾತನ್ನು ನಾವು ಬಹಳ ಸಲ ಕೇಳಿದ್ದೇವೆ. ಹೊಸದು ಎಂದರೆ ಹೊಸ ಸಿದ್ಧಾಂತವೇ ಆಗಬೇಕಿಲ್ಲ. ಸಿರವಾರದ ಪಕ್ಕದಲ್ಲೇ ಇದಕ್ಕೊಂದು ಉದಾಹರಣೆ ಇದೆ. ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂಬ ರಾಜ ಯಾರು ಎಂದು ವಿದ್ವಾಂಸರು ದಶಕಗಳ ಕಾಲ ಚರ್ಚಿಸುತ್ತಿದ್ದರು. ಅದು ಅಶೋಕನೇ ಎಂದು ಸಿಂಹಳದ ಗ್ರಂಥಗಳ ಆಧಾರದ ಮೇಲೆ ಹೇಳಿದ್ದರೂ, ಶಾಸನದಲ್ಲೇ ಆ ಹೆಸರು ಸಿಕ್ಕಿರಲಿಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯ ಬಂಡೆಯೊಂದರ ಮೇಲೆ ಬರಹ ಕಂಡರು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅದರಲ್ಲಿ ‘ಅಶೋಕ’ ಎಂಬ ಹೆಸರಿತ್ತು. ಹೊಸ ಸಿದ್ಧಾಂತ ಏನೂ ಇರಲಿಲ್ಲ. ಒಂದು ಜಾಗದ ಒಂದು ಸಾಕ್ಷ್ಯ, ಅಷ್ಟೇ. ಆದರೆ ಅದು ದೊಡ್ಡ ಪ್ರಶ್ನೆಯೊಂದಕ್ಕೆ ಕೂಡಿಕೊಂಡಿತು.

12 ಬಾವಿಗಳ ಅಂಕಿಯೂ ಅಂಥದ್ದೇ. ಫ್ಲೋರೈಡ್ ಬಗ್ಗೆ ಲೋಕಕ್ಕೆಲ್ಲ ಗೊತ್ತಿದೆ. ಆದರೆ ಈ 12 ಬಾವಿಗಳಲ್ಲಿ, ಇಷ್ಟು ಅಡಿ ಆಳದಲ್ಲಿ, ಈ ಬೇಸಿಗೆಯಲ್ಲಿ ಎಷ್ಟಿದೆ ಎಂಬುದು ಯಾರಾದರೂ ಹೋಗಿ ಅಳೆಯುವವರೆಗೆ ಗೊತ್ತಾಗುವುದಿಲ್ಲ. ಅದು ಸ್ವಂತ ಕೆಲಸ. ಇಂಟರ್ನೆಟ್ಟಿನಿಂದ ಫ್ಲೋರೋಸಿಸ್ ಬಗ್ಗೆ ಎಂಟು ಪುಟ ಇಳಿಸಿ, ವಾಕ್ಯ ಹಿಂದುಮುಂದು ಮಾಡಿ, ಕೊನೆಗೆ ‘ಸರ್ಕಾರ ಕ್ರಮ ಕೈಗೊಳ್ಳಬೇಕು’ ಎಂದು ಸೇರಿಸುವುದು ಸ್ವಂತ ಕೆಲಸವಲ್ಲ. ಅದು ಎಷ್ಟೇ ಚೆನ್ನಾಗಿ ಟೈಪ್ ಆಗಿದ್ದರೂ ಅಲ್ಲ, ಎಐ ಬರೆದುಕೊಟ್ಟರೂ ಅಲ್ಲ.

ವಿಮಾನಶಾಸ್ತ್ರದ ಪಾಠ

ದೊಡ್ಡ ಸಮ್ಮೇಳನದಲ್ಲಿ ಮಂಡನೆಯಾದ ಮಾತ್ರಕ್ಕೆ ನಿಜವಾಗಿಬಿಡುತ್ತದೆಯೇ? ಈ ಪ್ರಶ್ನೆಗೆ ಉತ್ತರವಾಗಿ ನಮ್ಮ ರಾಜ್ಯದ್ದೇ ಒಂದು ಪ್ರಸಂಗವಿದೆ. ನೀವೂ ಇದರ ಫಾರ್ವರ್ಡ್ ನೋಡಿರುತ್ತೀರಿ.

2015ರ ಜನವರಿಯಲ್ಲಿ ಮುಂಬೈ ವಿಶ್ವವಿದ್ಯಾಲಯದಲ್ಲಿ 102ನೇ ಭಾರತೀಯ ವಿಜ್ಞಾನ ಕಾಂಗ್ರೆಸ್ ನಡೆಯಿತು. ಅಲ್ಲಿನ ಒಂದು ಗೋಷ್ಠಿಯಲ್ಲಿ ನಿವೃತ್ತ ಪೈಲಟ್ ತರಬೇತುದಾರ ಆನಂದ ಬೋಡಸ್ ಅವರು, ಸಾವಿರಾರು ವರ್ಷಗಳ ಹಿಂದೆಯೇ ಭಾರತದಲ್ಲಿ ಗ್ರಹದಿಂದ ಗ್ರಹಕ್ಕೆ ಹಾರುವ ವಿಮಾನಗಳಿದ್ದವು ಎಂಬ ಪ್ರಬಂಧ ಮಂಡಿಸಿದರು. ಆಧಾರ ‘ವೈಮಾನಿಕ ಶಾಸ್ತ್ರ’ ಎಂಬ ಗ್ರಂಥ. ‘ವಿಜ್ಞಾನ ಕಾಂಗ್ರೆಸ್‌ನಲ್ಲೇ ಸಾಬೀತು’ ಎಂಬ ಸಂದೇಶಗಳು ಆಮೇಲೆ ಎಷ್ಟು ಓಡಾಡಿದವೋ ಲೆಕ್ಕವಿಲ್ಲ.

ಆದರೆ ಆ ಗ್ರಂಥವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು 1974ರಲ್ಲೇ ಪರೀಕ್ಷಿಸಿ ಮುಗಿಸಿದ್ದರು. ಎಚ್.ಎಸ್. ಮುಕುಂದ ಮತ್ತು ಸಂಗಡಿಗರು ಮೊದಲು ಗ್ರಂಥದ ಮೂಲ ಹುಡುಕಿದರು. ಅದನ್ನು 20ನೇ ಶತಮಾನದ ಆರಂಭದಲ್ಲಿ ಆನೇಕಲ್‌ನ ಸುಬ್ಬರಾಯ ಶಾಸ್ತ್ರಿಗಳು ಬಾಯಲ್ಲಿ ಹೇಳಿ ಬರೆಸಿದ್ದರು. ಭಾಷೆ ಪ್ರಾಚೀನ ಸಂಸ್ಕೃತದ್ದಲ್ಲ, 1904ಕ್ಕಿಂತ ಹಳೆಯದೆನ್ನಲು ಆಧಾರವಿಲ್ಲ ಎಂಬ ತೀರ್ಮಾನಕ್ಕೆ ಬಂದರು. ಚಿತ್ರಗಳನ್ನು ಬಿಡಿಸಿದವರು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನ ನಕ್ಷೆಗಾರರು. ಕೊನೆಗೆ ವಿಮಾನಗಳ ವಿನ್ಯಾಸವನ್ನೇ ಲೆಕ್ಕ ಹಾಕಿ ನೋಡಿ, ಯಾವುದೂ ಹಾರಲು ಸಾಧ್ಯವಿಲ್ಲ ಎಂದರು. ಈ ಐವರಲ್ಲಿ ಒಬ್ಬರಾದ ಎಚ್.ಆರ್. ನಾಗೇಂದ್ರ ಮುಂದೆ ಯೋಗ ವಿಶ್ವವಿದ್ಯಾಲಯ ಕಟ್ಟಿದವರು. ಪರಂಪರೆಯ ಮೇಲಿನ ಸಿಟ್ಟಿನಿಂದ ಹಾಗೆ ಬರೆದರು ಎನ್ನುವವರು ಇದನ್ನೂ ಗಮನಿಸಬೇಕು.

2015ರ ವೇದಿಕೆಗಿದ್ದ ಹೆಸರಿನ ಮುಂದೆ 1974ರ ಲೇಖನಕ್ಕೆ ಅಂಥ ಪ್ರಚಾರ ಎಲ್ಲಿಂದ ಬರಬೇಕು? ಆದರೂ ‘ನಿನಗೆ ಹೇಗೆ ಗೊತ್ತು?’ ಎಂದು ಕೇಳಿದ್ದು ಆ ಲೇಖನವೇ.

ದುಡ್ಡಿಗೆ ಸಿಗುವ ಸಮ್ಮೇಳನಗಳು

ಹೆಸರಿನ ವೇದಿಕೆಯದ್ದೇ ಈ ಪಾಡಾದರೆ ಅಂಗಡಿ ವೇದಿಕೆಗಳನ್ನು ಕೇಳಬೇಕೇ. 2005ರಲ್ಲಿ ಅಮೆರಿಕದ ಎಂಐಟಿಯ ಮೂವರು ವಿದ್ಯಾರ್ಥಿಗಳು ಕಂಪ್ಯೂಟರ್ ಪ್ರೋಗ್ರಾಂನಿಂದ ಅರ್ಥವೇ ಇಲ್ಲದ ಪ್ರಬಂಧವೊಂದನ್ನು ಹೊರತೆಗೆದು ಒಂದು ಸಮ್ಮೇಳನಕ್ಕೆ ಕಳಿಸಿದರು. ಅದು ಸ್ವೀಕಾರವಾಯಿತು. ರಾಯಚೂರಿಗೆ ಹತ್ತಿರದ ಮಹಾನಗರ ಹೈದರಾಬಾದ್ ಮೂಲದ ಓಮಿಕ್ಸ್ ಸಮೂಹದ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2016ರಲ್ಲಿ ದಾವೆ ಹೂಡಿತು. ಪ್ರಬಂಧಗಳನ್ನು ಸರಿಯಾಗಿ ಪರಿಶೀಲಿಸದೆ ಪ್ರಕಟಿಸುವುದು, ಶುಲ್ಕವನ್ನು ಮುಚ್ಚಿಡುವುದು, ಒಪ್ಪಿಗೆ ಕೊಡದ ವಿಜ್ಞಾನಿಗಳ ಹೆಸರನ್ನು ಸಮ್ಮೇಳನದ ಜಾಹೀರಾತಿಗೆ ಬಳಸುವುದು ಅದರ ಆರೋಪಗಳು. 2019ರಲ್ಲಿ ಅಲ್ಲಿನ ನ್ಯಾಯಾಲಯ 5 ಕೋಟಿ ಡಾಲರ್‌ಗೂ ಹೆಚ್ಚು ಮೊತ್ತ ಕಟ್ಟುವಂತೆ ತೀರ್ಪು ಕೊಟ್ಟಿತು.

ಫಾರ್ವರ್ಡ್‌ನಲ್ಲಿದ್ದ ‘ಐಎಸ್‌ಬಿಎನ್’ ಎಂಬ ಪದಕ್ಕೆ ಬರೋಣ. ಅದು ಪುಸ್ತಕದ ಗುರುತಿನ ಸಂಖ್ಯೆ. ಬೈಕಿನ ನಂಬರ್ ಪ್ಲೇಟ್ ಇದ್ದ ಹಾಗೆ: ಗಾಡಿ ಯಾರದ್ದು ಎನ್ನುತ್ತದೆ, ಬ್ರೇಕ್ ಹಿಡಿಯುತ್ತದೆಯೇ ಎಂದು ಹೇಳುವುದಿಲ್ಲ. ಭಾರತದಲ್ಲಿ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ, ಅಡುಗೆ ಪುಸ್ತಕಕ್ಕೂ ಕೊಡುತ್ತದೆ. ಇನ್ನು ‘ಯುಜಿಸಿ ಕೇರ್’ ಎಂಬುದು ನಿಯತಕಾಲಿಕೆಗಳ ಪಟ್ಟಿಯಾಗಿತ್ತು. 2025ರಲ್ಲಿ ಯುಜಿಸಿ ಅದನ್ನೂ ಕೈಬಿಟ್ಟಿತು. ಈಗಲೂ ಆ ಹೆಸರು ಹೇಳಿ ದುಡ್ಡು ಕೇಳುವವರನ್ನು ಅನುಮಾನದಿಂದ ನೋಡಿ.

ಶುಲ್ಕ ಇದೆ ಎಂದಾಕ್ಷಣ ಮೋಸ ಎಂದೂ ಅಲ್ಲ. ಊಟ, ಸಭಾಂಗಣಕ್ಕೆಂದು ಒಳ್ಳೆಯ ಸಮ್ಮೇಳನಗಳೂ ದುಡ್ಡು ತೆಗೆದುಕೊಳ್ಳುತ್ತವೆ. ನಡೆಸುತ್ತಿರುವ ಕಾಲೇಜಿನ ಸ್ವಂತ ವೆಬ್‌ಸೈಟಿನಲ್ಲಿ ಆ ಸುದ್ದಿ ಇದೆಯೇ, ಅಲ್ಲಿರುವ ನಂಬರಿಗೆ ಫೋನ್ ಮಾಡಿದರೆ ‘ಹೌದು’ ಎನ್ನುತ್ತಾರೆಯೇ ಎಂದು ನೋಡಿ. ಕೃಷಿ, ಕಾನೂನು, ದಂತವೈದ್ಯ, ಕನ್ನಡ ಸಾಹಿತ್ಯ ಎಲ್ಲವನ್ನೂ ಒಂದೇ ದಿನ ಒಂದೇ ಕೋಣೆಯಲ್ಲಿ ಮಂಡಿಸಬಹುದು ಎಂದರೆ ಅಲ್ಲಿ ಕೇಳಿಸಿಕೊಳ್ಳುವವರು ಯಾರು ಎಂದು ಯೋಚಿಸಿ. ನಿಮ್ಮ ಮೇಷ್ಟ್ರನ್ನು ಕೇಳುವುದಂತೂ ಪುಕ್ಕಟೆ.

ಫಾರ್ವರ್ಡ್ ಬಂದರೆ ಹೇಗೆ ಓದುವುದು?

ಸಂಶೋಧನೆ ಮಾಡದ, ಬರೀ ಮೆಸೇಜ್ ಓದುವ ನಮಗೆಲ್ಲ ಉಪಯೋಗವಾಗುವ ಒಂದು ಅಂಕಿ ಇದೆ. ವೈದ್ಯಕೀಯ ಮತ್ತು ಜೀವವಿಜ್ಞಾನ ಸಮ್ಮೇಳನಗಳಲ್ಲಿ ಸಾರಾಂಶವಾಗಿ ಮಂಡನೆಯಾದ ಕೆಲಸಗಳಲ್ಲಿ ಎಷ್ಟು ಮುಂದೆ ಪೂರ್ಣ ಪ್ರಬಂಧವಾಗಿ ಪ್ರಕಟವಾಗುತ್ತವೆ ಎಂದು ಕೊಕ್ರೇನ್ ಸಂಸ್ಥೆಯ 2018ರ ವಿಮರ್ಶೆ ಲೆಕ್ಕ ಹಾಕಿತು. 3 ಲಕ್ಷಕ್ಕೂ ಹೆಚ್ಚು ಸಾರಾಂಶಗಳ ಲೆಕ್ಕ ಅದು. ಉತ್ತರ: 100ಕ್ಕೆ ಸುಮಾರು 37. ಉಳಿದವೆಲ್ಲ ಸುಳ್ಳು ಎಂದಲ್ಲ. ಬರೆಯಲು ಸಮಯವಿಲ್ಲದೆ ನಿಂತದ್ದೂ ಇರುತ್ತದೆ, ಫಲಿತಾಂಶ ರೋಚಕವಲ್ಲ ಎಂದು ಬಿಟ್ಟದ್ದೂ ಇರುತ್ತದೆ. ಆದರೆ ಸಮ್ಮೇಳನದ ಮಂಡನೆ ಎಂದರೆ ‘ಹೀಗೆ ಕಂಡಿತು, ನೋಡಿ ಹೇಳಿ’ ಎಂಬ ಹಂತ. ಆದ್ದರಿಂದ ‘ಸಮ್ಮೇಳನದಲ್ಲಿ ಮಂಡಿಸಿದ್ದಾರೆ’ ಎಂಬ ಸಂದೇಶ ಬಂದಾಗ, ಅದು ಆರೋಗ್ಯದ ವಿಷಯವಾಗಿದ್ದರೆ, ಪೂರ್ಣ ಪ್ರಬಂಧ ಎಲ್ಲಿ ಬಂದಿದೆ ಎಂದು ಕೇಳಿ. ಎಷ್ಟು ಜನರ ಮೇಲೆ, ಎಷ್ಟು ಬಾವಿಗಳಲ್ಲಿ, ಏನನ್ನು ಅಳೆದರು ಎಂದು ಕೇಳಿ. ಉತ್ತರ ಸಿಗದಿದ್ದರೆ ಮುಂದೆ ಕಳಿಸದೆ ಇದ್ದುಬಿಡಿ.

ಸಿರವಾರದ ಹುಡುಗಿ ದುಡ್ಡು ಹಾಕಲಿಲ್ಲ. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯದಲ್ಲಿ ಸಾರ್ವಜನಿಕರೂ ನೀರು ಕೊಟ್ಟು ಪರೀಕ್ಷೆ ಮಾಡಿಸಬಹುದು ಎಂದು ತಿಳಿಸಿದೆವು. ಗಾಜಿನ ಬಾಟಲಿ ಬೇಡ, ಫ್ಲೋರೈಡ್ ಗಾಜಿಗೆ ತಗುಲಿಕೊಳ್ಳುತ್ತದೆ, ಶುಚಿಯಾದ ಪ್ಲಾಸ್ಟಿಕ್ ಬಾಟಲಿ ಒಯ್ಯಿ ಎಂದೆವು. ಬಾವಿಯ ಆಳ, ನೀರು ತೆಗೆದ ದಿನಾಂಕ ಬಾಟಲಿಯ ಮೇಲೇ ಬರೆಯಬೇಕು ಎಂದು ಅವಳ ಮೇಷ್ಟ್ರು ಹೇಳಿಕೊಟ್ಟರು. ಕಳೆದ ವಾರ ಪೋಸ್ಟರ್‌ನ ಕರಡು ಕಳಿಸಿದ್ದಾಳೆ. ‘ಕುಡಿಯಲು ಸುರಕ್ಷಿತ’ ಎಂಬ ಸಾಲು ಹೋಗಿದೆ. ಕೋಷ್ಟಕದಲ್ಲಿ 12 ಸಾಲು. ಊರು, ಆಳ, ದಿನಾಂಕ, ಟಿಡಿಎಸ್ ತುಂಬಿವೆ. ಫ್ಲೋರೈಡ್ ಕಾಲಂ ಖಾಲಿ. ವರದಿ ಇನ್ನೂ ಬಂದಿಲ್ಲವಂತೆ.